ನಸುಕಿನಲ್ಲಿ ಸುತ್ತಿದ ರುಮಾಲು

ಗಂಗಾವತಿಯ ಒಂದು ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಮಧ್ಯಯುಗದ ಇಂಗ್ಲೆಂಡಿನ ಪಾಠ ಬಂತೆಂದರೆ ನನ್ನ ದನಿ ಗೋಡೆ ದಾಟುತ್ತದೆ ಎಂದು ಪಕ್ಕದ ಕೋಣೆಯಲ್ಲಿ ಅರ್ಥಶಾಸ್ತ್ರ ಕಲಿಸುವವರು ಎಷ್ಟೋ ಸಲ ಗೊಣಗಿದ್ದಾರೆ. ಗೊಣಗಲಿ. ರಾಜರ ಹೆಸರು, ಯುದ್ಧದ ಇಸವಿ ಹೇಳುವಾಗ ನನಗೇ ಆಕಳಿಕೆ ಬರುತ್ತದೆ. ಆ ರಾಜರ ತಾಯಂದಿರ ಮಾತು ಬಂದಾಗ ಮಾತ್ರ ಹುಕಿ ಬರುತ್ತದೆ. ಎರಡು ಮನೆತನಗಳು ಒಂದು ಸಿಂಹಾಸನಕ್ಕಾಗಿ ಬಡಿದಾಡಿದವು. ಕತ್ತಿ ಹಿಡಿದವರು ಗಂಡಸರು, ನಿಜ. ಆದರೆ ಯಾವ ಮಗನನ್ನು ಎಲ್ಲಿ ಬಚ್ಚಿಡಬೇಕು, ಯಾರ ಮನೆಯ ಹೆಣ್ಣು ತರಬೇಕು, ಯಾವ ವೈರಿಯ ಮುಂದೆ ಎಷ್ಟು ದಿನ ನಗಬೇಕು ಎನ್ನುವುದನ್ನು ಗೊತ್ತುಮಾಡಿದವರು ಒಳಮನೆಯ ಹೆಂಗಸರು.

ಅವರಲ್ಲಿ ಇಬ್ಬರ ಕಥೆ ನನಗೆ ಬಾಯಿಪಾಠ. ಒಬ್ಬಳು ರಾಣಿ. ಗಂಡ ಸತ್ತ ಕೂಡಲೇ ಮೈದುನ ಪಟ್ಟಕ್ಕೆ ಕೈ ಚಾಚಿದ. ಹಿರಿಯ ಮಗ ಆಗಲೇ ಅವನ ಕೈಗೆ ಸಿಕ್ಕಿದ್ದ. ರಾಣಿ ಕಿರಿಯನನ್ನೂ ಹೆಣ್ಣುಮಕ್ಕಳನ್ನೂ ಕರಕೊಂಡು ಚರ್ಚಿನ ಆಶ್ರಯಕ್ಕೆ ಓಡಿದಳು. ಅಲ್ಲಿಂದ ಯಾರನ್ನೂ ಎಳೆದು ತರುವಂತಿರಲಿಲ್ಲ. ಆಗ ಒಬ್ಬ ದೊಡ್ಡ ಧರ್ಮಗುರುವನ್ನು ಅವಳ ಬಳಿಗೆ ಕಳಿಸಿದರು. ಹುಡುಗನಿಗೆ ತಾನು ಹೊಣೆ ಎಂದು ಅವನು ಮಾತು ಕೊಟ್ಟ. ಅವಳು ನಂಬಿ ಕಳಿಸಿದಳು. ಮುಂದೆ ಆ ಅಣ್ಣತಮ್ಮಂದಿರನ್ನು ಯಾರೂ ಕಾಣಲಿಲ್ಲ.

ಇನ್ನೊಬ್ಬಳು ದೊಡ್ಡ ಮನೆತನದ ಹುಡುಗಿ. ಹದಿಮೂರಕ್ಕೆ ಹೆತ್ತಳು, ಹೆರುವ ಮೊದಲೇ ಗಂಡ ಸತ್ತಿದ್ದ. ಮಗನನ್ನು ಬೇರೆಯವರು ಬೆಳೆಸಿದರು, ಆಮೇಲೆ ಅವನು ಸಮುದ್ರದಾಚೆ ತಲೆತಪ್ಪಿಸಿಕೊಂಡು ಬದುಕಿದ. ಇವಳು ವೈರಿಗಳ ಆಸ್ಥಾನದಲ್ಲೇ ಇದ್ದಳು. ವೈರಿಗೆ ಪಟ್ಟವಾದ ದಿನ ಅವನ ರಾಣಿಯ ಉಡುಪಿನ ಸೆರಗನ್ನು ಎತ್ತಿ ಹಿಡಿದು ಹಿಂದೆ ನಡೆದಳು. ಅದೇ ಕೈಯಿಂದ ಒಳಗೊಳಗೆ ಸಂಚು ಹೂಡಿ, ಕೊನೆಗೆ ಅದೇ ಸಿಂಹಾಸನದ ಮೇಲೆ ತನ್ನ ಮಗನನ್ನು ಕೂರಿಸಿದಳು. ಇದನ್ನು ಹೇಳಿ ಮುಗಿಸುವಾಗ ನಾನು ಪ್ರತಿ ವರ್ಷ, "ತಾಯಿ ಅಂದ್ರ ಹಿಂಗಿರಬೇಕು ನೋಡ್ರಿ," ಅನ್ನುತ್ತಿದ್ದೆ. ಈಗ ಆ ಮಾತು ನೆನಪಾದರೆ ಮುಖ ಬಿಸಿಯಾಗುತ್ತದೆ.

ಕುಷ್ಟಗಿ ತಾಲೂಕಿನಲ್ಲಿ, ಹನುಮಸಾಗರದ ಕಡೆಯ ಒಂದು ಹಳ್ಳಿಯ ಗೌಡರ ಮನೆ ನಮ್ಮದು. ಅಪ್ಪನಿಗೆ ಇಬ್ಬರು ಹೆಂಡಂದಿರು. ಯಲಬುರ್ಗಾ ಕಡೆಯಿಂದ ಬಂದ ದೊಡ್ಡವ್ವನಿಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಅದಕ್ಕೆ ನವಲಿಯಿಂದ ನಮ್ಮವ್ವನನ್ನು ತಂದರು. ಅವ್ವ ಅಣ್ಣನನ್ನು ಹೆತ್ತ ಮರುವರ್ಷವೇ, ದೇವರಿಗೆ ತಮಾಷೆ ಬೇಕಾಗಿತ್ತೋ ಏನೋ, ದೊಡ್ಡವ್ವನೂ ಗಂಡು ಹೆತ್ತಳು. ಅವನು ನನಗೆ ಸಣ್ಣಣ್ಣ. ಎಲ್ಲರಿಗಿಂತ ಕಿರಿಯಳು ನಾನು, ಅವ್ವನ ಮಗಳು. ಹೀಗೆ ಒಬ್ಬ ವಯಸ್ಸಿನಲ್ಲಿ ಹಿರಿಯ, ಇನ್ನೊಬ್ಬ ಹಿರೇ ಹೆಂಡತಿಯ ಮಗ. ಇಂಥದೇ ತಕರಾರಿಗೆ ಇಂಗ್ಲೆಂಡಿನಲ್ಲಿ ದಂಡು ಕೂಡಿತು. ನಮ್ಮಲ್ಲಿ ಅದು ಒಂದು ರುಮಾಲಿಗೆ ಬಂದು ನಿಂತಿತು.

ನಮ್ಮ ಮನೆಗಳಲ್ಲಿ ಯಜಮಾನ ತೀರಿಕೊಂಡರೆ, ದಿವಸದ ದಿನ, ಅಂದರೆ ಸತ್ತವರ ಹೆಸರಿನಲ್ಲಿ ಊರಿಗೆ ಊಟ ಹಾಕುವ ದಿನ, ಅವನ ಮಗನ ತಲೆಗೆ ಸೋದರಮಾವ ಬಂದು ಹೊಸ ರುಮಾಲು ಸುತ್ತುತ್ತಾನೆ. ಎಷ್ಟು ಗಂಡುಮಕ್ಕಳಿದ್ದರೆ ಅಷ್ಟು ರುಮಾಲು ಬರುತ್ತವೆ, ಅಡ್ಡಿಯಿಲ್ಲ. ಆದರೆ ಮೊದಲು ಯಾರ ತಲೆಗೆ ಸುತ್ತಿದರೋ ಅವನೇ ಗೌಡ. ಸರಕಾರ ಗೌಡಕಿ ತೆಗೆದು ಯಾವ ಕಾಲವಾಯಿತು! ಊರು ತೆಗೆದಿಲ್ಲ. ಕಾರಹುಣ್ಣಿವೆಯಲ್ಲಿ ಮೊದಲು ಓಡುವ ಎತ್ತು ಅವನದು, ದಸರೆಯಲ್ಲಿ ಊರು ಮೊದಲು ಬನ್ನಿ ಕೊಡುವುದು ಅವನ ಕೈಗೆ, ಲಗ್ನದಲ್ಲಿ ಮೊದಲ ಎಲೆ ಅಡಿಕೆ ಅವನಿಗೆ. ಹೊಲ ಯಾವಾಗಲೋ ಪಾಲಾಗಿತ್ತು. ಉಳಿದದ್ದು ಇಷ್ಟೇ, ಆದರೆ ಇಷ್ಟೇ ಅನ್ನುವವರು ಹೊರಗಿನವರು. ಇನ್ನೊಂದು ಮಾತಿದೆ: ಸತ್ತವರ ಹೆಸರಿನಲ್ಲಿ ಸುತ್ತಿದ ರುಮಾಲನ್ನು ಆ ದಿನ ಹೊತ್ತು ಮುಳುಗುವ ತನಕ ಬಿಚ್ಚುವಂತಿಲ್ಲ. ಬಿಚ್ಚಿದರೆ ಮನೆಯಲ್ಲಿ ಮತ್ತೊಂದು ಸಾವು ಎನ್ನುತ್ತಾರೆ.

ಅಪ್ಪ ಹಾಸಿಗೆ ಹಿಡಿದಾಗ ಊರ ಹಿರಿಯರನ್ನು ಕರೆಸಿ, ಮೊದಲ ರುಮಾಲು ಹಿರೇಕಿಯ ಮಗನಿಗೆ ಎಂದು ಹೇಳಿದ್ದರು. ದೊಡ್ಡವ್ವನನ್ನೂ ಸಣ್ಣಣ್ಣನನ್ನೂ ಶಾಲೆಯ ನೆಪ ಹೇಳಿ ಕುಷ್ಟಗಿಯಲ್ಲಿ ಮನೆ ಮಾಡಿ ಇಟ್ಟವರು ಮತ್ತೆ ಕರೆಸಿಕೊಂಡಿರಲಿಲ್ಲ. ಸಣ್ಣಣ್ಣ ಅಲ್ಲೇ ಓದಿ, ಅಲ್ಲೇ ಮಾಸ್ತರನಾಗಿ, ಊರಿಗೆ ಬಂದರೆ ಕಟ್ಟೆಯ ತುದಿಗೆ ಕೂತು ಹೋಗುವ ನೆಂಟನಂತಾಗಿದ್ದ. ಸಾಯುವ ಹೊತ್ತಿಗೆ ಅಪ್ಪನಿಗೆ ಅದು ಚುಚ್ಚಿರಬೇಕು. ಅವ್ವ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿದಳು. ಹಿರಿಯರು, "ಏನಂತೀರಿ ಗೌಡತಿ?" ಎಂದು ಕೇಳಿದ್ದಕ್ಕೆ, "ಅವರು ಹೇಳಿದ ಮ್ಯಾಲ ನಂದೇನೈತ್ರಿ," ಅಂದಳು. ಅವ್ವ ಇಷ್ಟು ಸಲೀಸಾಗಿ ಒಪ್ಪಿದ್ದು ಕಂಡು ನನಗೆ ಹೆಮ್ಮೆಯಾಗಿತ್ತು. ಇಪ್ಪತ್ತು ವರ್ಷದಿಂದ ಸಂಚಿನ ಪಾಠ ಮಾಡುವ ನನಗೆ ಅನುಮಾನದ ಒಂದು ಎಳೆಯೂ ಬರಲಿಲ್ಲ.

ಅಪ್ಪ ಹೋದರು. ಮಣ್ಣಿಗೆ ಬಂದ ದೊಡ್ಡವ್ವ ಅವತ್ತೇ ಕುಷ್ಟಗಿಗೆ ತಿರುಗಿ ಹೋದಳು. ದಿವಸಕ್ಕೆ ಬರುವುದಿಲ್ಲ ಎಂದು ಹೇಳಿಕಳಿಸಿದಳು. ಇಂಥ ಹೊತ್ತಿನಲ್ಲಿ ಕರೆಯಲು ಮನೆಯ ಹೆಣ್ಣುಮಗಳೇ ಹೋಗಬೇಕು. ಗಂಡುಮಕ್ಕಳ ಮಾತಿಗೆ ಪಕ್ಷ ಇರುತ್ತದೆ, ಕೊಟ್ಟ ಮನೆಗೆ ಹೋದ ಮಗಳಿಗೆ ಯಾವ ಪಕ್ಷ ಎಂದು ಲೆಕ್ಕ. ಅವ್ವ ನನ್ನನ್ನೇ ಕಳಿಸಿದಳು. "ನೀ ಕಲ್ತಾಕಿ. ನಿನ್ನ ಮಾತ ಕೇಳ್ತಾಳ, ಹೋಗು," ಅಂದಳು.

ದೊಡ್ಡವ್ವ ಚಹಾ ಕೊಟ್ಟಳು. ಸಣ್ಣಣ್ಣನ ಹುಡುಗರ ಬಟ್ಟೆ ಮಡಚುತ್ತ, ನನ್ನ ಕಡೆ ನೋಡದೆಯೇ ಮಾತಾಡಿದಳು.

"ನನಗ ರುಮಾಲಿನ ಆಸೆ ಇಲ್ಲವಾ. ಆದ್ರ ನಾಕ ಮಂದಿ ಮುಂದ ಅವನ್ನ ಕರಿಸಿ, ಕೂಡಿಸಿ, ಹಂಗ ಎಬ್ಬಿಸಿ ಕಳಸಿದ್ರ? ಅಂವ ತಡಕೊಳ್ಳಾಂವ ಅಲ್ಲ. ಮಾರಿ ಮ್ಯಾಲ ತೋರಸೂದಿಲ್ಲ, ಒಳಗ ಕೊರಗ್ತಾನ."

"ಹಂಗ ಆಗೂದಿಲ್ಲ ದೊಡ್ಡವ್ವ. ಹಿರಿಯಾರ ಮುಂದ ಮಾತಾಗೇತಿ. ಅವ್ವನೂ ಒಪ್ಪ್ಯಾಳ. ನಾ ಅದೀನಲ್ಲ!"

ಹೀಗೆ ಅಂದೆ. ನಾನು ಅದೀನಲ್ಲ ಅಂದೆ. ಆ ಧರ್ಮಗುರುವಿನ ಕಥೆಯನ್ನು ವರ್ಷಕ್ಕೊಮ್ಮೆ ಹಲಗೆಯ ಮುಂದೆ ನಿಂತು ಹೇಳುವ ಹೆಂಗಸು ನಾನು. ಅವನಿಗೆ ಮೋಸ ಗೊತ್ತಿತ್ತೋ, ಅವನೂ ಮೋಸಹೋದನೋ ಎಂದು ಹುಡುಗರಿಂದ ಚರ್ಚೆ ಮಾಡಿಸುವವಳು.

ದೊಡ್ಡವ್ವ ಬಟ್ಟೆ ಬದಿಗಿಟ್ಟು ನನ್ನ ಕೈ ಹಿಡಿದುಕೊಂಡಳು. ಯಲಬುರ್ಗಾದ ತನ್ನ ತಮ್ಮನಿಗೆ ಫೋನ್ ಮಾಡಿ, ಬಿಳಿ ರುಮಾಲು ತಗೊಂಡು ಹತ್ತು ಗಂಟೆಯ ಹೊತ್ತಿಗೆ ಊರಿಗೆ ಬಾ ಅಂದಳು. ಹತ್ತು ಗಂಟೆ ಎಂದು ನನಗೆ ಹೇಳಿಕೊಟ್ಟವಳು ಅವ್ವ.

ದಿವಸದ ಮುಂಜಾನೆ ಅವರನ್ನು ನಾನೇ ಕಾರಿನಲ್ಲಿ ಕರೆತಂದೆ. ಮನೆಯ ಮುಂದೆ ಪೆಂಡಾಲು ಹಾಕಿದ್ದರು. ಜನ ಆಗಲೇ ಕೂತಿದ್ದರು. ಕಾರಿಳಿದಾಗ ಮೊದಲು ಕಂಡದ್ದು ಕಂಬಳಿಯ ಗದ್ದುಗೆಯ ಮೇಲೆ ಕೂತ ಅಣ್ಣ. ಅವನ ತಲೆಯ ಮೇಲೆ ರುಮಾಲು. ಅದು ಅವನಿಗೆ ದೊಡ್ಡದಾಗಿ ಹುಬ್ಬಿನ ತನಕ ಜಾರಿತ್ತು. ನಮ್ಮಣ್ಣ ಸಿಮೆಂಟಿನ ಅಂಗಡಿ ಇಟ್ಟ ಸಾಧು ಮನುಷ್ಯ, ಅವ್ವ ಹೇಳಿದರೆ ಇವತ್ತಿಗೂ ಎರಡನೇ ಸಲ ಕೇಳುವವನಲ್ಲ. ನಮ್ಮನ್ನು ಕಂಡು ನೆಲ ನೋಡಿದ.

ಆಮೇಲೆ ಗೊತ್ತಾಯಿತು. ನಸುಕಿನಲ್ಲಿ ಅಯ್ಯನವರು ಹೊಲಕ್ಕೆ ಹೋಗಿ ಅಪ್ಪನನ್ನು ಮಣ್ಣು ಮಾಡಿದ ಗದ್ದುಗೆಗೆ ಪೂಜೆ ಮಾಡುವುದು ರೂಢಿ. ಮನೆಯವರು ಒಬ್ಬಿಬ್ಬರು ಜೊತೆಗೆ ಹೋಗುತ್ತಾರೆ, ಅಷ್ಟೇ. ಅವ್ವ ನವಲಿಯ ತನ್ನ ಅಣ್ಣನನ್ನು ಹಿಂದಿನ ದಿನವೇ ಪಕ್ಕದ ಊರಿಗೆ ಕರೆಸಿ ಇಟ್ಟಿದ್ದಳು. ಪೂಜೆಯಾಗಿ ಅಯ್ಯನವರ ಕೈಯಲ್ಲಿ ಇನ್ನೂ ವಿಭೂತಿ ಇರುವಾಗಲೇ, ಆ ಮಾವ ನಮ್ಮಣ್ಣನ ತಲೆಗೆ ರುಮಾಲು ಸುತ್ತಿಬಿಟ್ಟ. ಅಯ್ಯನವರು ಬೇಡ ಅನ್ನುವಷ್ಟರಲ್ಲಿ ಸುತ್ತಿ ಆಗಿತ್ತು. ಬಿಚ್ಚುವಂತಿರಲಿಲ್ಲ. ಹಿರಿಯರು ಗುಸುಗುಸು ಮಾಡಿ, ತಲೆ ಕೆರೆದುಕೊಂಡು, "ಆದದ್ದಾತು" ಎಂದು ಅಣ್ಣನಿಗೆ ಕೈ ಮುಗಿದರು.

ಯಲಬುರ್ಗಾದ ಮಾವ ಬಿಳಿ ರುಮಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಪೆಂಡಾಲಿನ ಕಂಬದ ಹತ್ತಿರ ನಿಂತುಬಿಟ್ಟ. ಎರಡನೆಯದಾಗಿ ಸುತ್ತಿ ಎಂದು ಯಾರೋ ಅಂದರು. ಸಣ್ಣಣ್ಣ, "ಇರ್ಲಿ ಬಿಡ್ರಿ, ಅಣ್ಣಗ ಆಗೇತಲ್ಲ," ಎಂದು ನಕ್ಕ. ಊರ ಮಂದಿಗೆ ನೀರು ಕೊಡಲು ಎದ್ದು ಹೋದ. ಗಂಡನ ಹೆಸರಿನ ಊಟ ಬಿಡಬಾರದೆಂದು ದೊಡ್ಡವ್ವ ಪಂಕ್ತಿಯಲ್ಲಿ ಕೂತು ಒಂದಿಷ್ಟು ಹುಗ್ಗಿ ಉಂಡಳು. ಹೊರಡುವಾಗ ನನ್ನ ಗಲ್ಲ ಸವರಿ, "ನಿನ್ನ ಮಾತಿಗೆ ಬಂದಿದ್ದೆ ನನ್ನವ್ವ," ಅಂದಳು. ಬೈದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಅವರು ನನ್ನ ಕಾರು ಹತ್ತಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ನಡೆದು ಹೋದರು.

ನಾನು ಅಡುಗೆಮನೆಗೆ ನುಗ್ಗಿದೆ. ಅವ್ವ ಹುಗ್ಗಿಯ ಹಂಡೆಯ ಮುಂದೆ ನಿಂತಿದ್ದಳು. ನನಗೆ ಸಿಟ್ಟು ಬಂದರೆ ಹಿಂದೆ ಮುಂದೆ ಕಾಣುವುದಿಲ್ಲ, ಇದು ಇಡೀ ಕಾಲೇಜಿಗೆ ಗೊತ್ತು. ನೆರೆಮನೆಯ ಹೆಂಗಸರು ರೊಟ್ಟಿ ಎಣಿಸುತ್ತ ಕೂತಿದ್ದರು, ಅವರ ಮುಂದೆಯೇ ಕೂಗಿದೆ.

"ಹೇಸಿಗಿ ಅನಸೂದಿಲ್ಲೇನ್ ನಿನಗ? ಅಪ್ಪನ ಗದ್ದಿಗಿ ಮುಂದ ಕಳ್ಳತನ ಮಾಡಿದೆಲ್ಲ! ನನ್ನ ಕೈಲೇ ಅವರ್ನ ಕರಿಸಿದಿ. ನಿನ್ನ ಹೊಟ್ಟ್ಯಾಗ ಹುಟ್ಟೀನಿ ಅಂತ ಹೇಳಾಕ ನಾಚಿಕಿ ಆಗ್ತೈತಿ ನನಗ."

ಅವ್ವ ಸೌಟು ಆಡಿಸುತ್ತಲೇ ಇದ್ದಳು. "ತಳಾ ಹಿಡದೀತು, ಉರಿ ಸಣ್ಣ ಮಾಡು," ಎಂದು ಪಕ್ಕದವಳಿಗೆ ಹೇಳಿದಳು. ನನ್ನ ಕಡೆ ತಿರುಗಲಿಲ್ಲ. ನಾನು ಊಟ ಮಾಡದೆ ಗಂಗಾವತಿಗೆ ಬಂದುಬಿಟ್ಟೆ.

ಆಮೇಲಿನ ತಿಂಗಳುಗಳಲ್ಲಿ ನಾನು ಸಿಕ್ಕಸಿಕ್ಕವರ ಮುಂದೆ ಅವ್ವನನ್ನು ಹಳಿದೆ. ಗಂಡನ ಮುಂದೆ, ಗೆಳತಿಯರ ಮುಂದೆ, ಕೊಪ್ಪಳದ ಒಂದು ಲಗ್ನದಲ್ಲಿ ಸಿಕ್ಕ ದೂರದ ನೆಂಟರ ಮುಂದೆ ಕೂಡ. ಹಳಿದಷ್ಟೂ ಹಗುರಾಗುತ್ತಿತ್ತು. ಇದರಲ್ಲಿ ನನ್ನ ಕೈ ಇಲ್ಲ ಎಂದು ಎಲ್ಲರಿಗೂ ಗೊತ್ತಾಗಬೇಕಲ್ಲ! ಕುಷ್ಟಗಿಗೆ ಮಾತ್ರ ಹೋಗಲಿಲ್ಲ. ಯಾವುದೋ ಕೆಲಸಕ್ಕೆ ಬಸ್ಸಿನಲ್ಲಿ ಆ ಊರು ದಾಟುವಾಗ, ದೊಡ್ಡವ್ವನ ಓಣಿಯ ತಿರುವು ಬಂದರೆ ಮೊಬೈಲ್ ನೋಡುವವಳಂತೆ ತಲೆ ಬಗ್ಗಿಸುತ್ತಿದ್ದೆ.

ಅಷ್ಟರಲ್ಲಿ ಅವ್ವನ ಕಣ್ಣಿಗೆ ಪೊರೆ ಬಂತು. ಅಣ್ಣ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟು ಹೋದ. ಗಂಗಾವತಿಯಲ್ಲೇ ಆಪರೇಶನ್ ಆಯಿತು. ನಾವಿಬ್ಬರೂ ಬೇಕಾದಷ್ಟೇ ಮಾತಾಡುತ್ತಿದ್ದೆವು: ಔಷಧಿ ಹಾಕಲೇ, ಹಾಕು, ಉಣ್ಣುತ್ತೀಯಾ, ಉಣ್ಣುತ್ತೇನೆ. ತೋರಿಸಿಕೊಂಡು ಬರಲು ಹೋದ ದಿನ ಡಾಕ್ಟರು ತಡಮಾಡಿದರು. ಮನೆಗೆ ಬಿಟ್ಟು ಬರುವಷ್ಟು ಹೊತ್ತಿರಲಿಲ್ಲ, ನನ್ನ ತರಗತಿ ಇತ್ತು. ಅವ್ವನನ್ನು ಸ್ಕೂಟಿಯ ಮೇಲೆ ಕಾಲೇಜಿಗೇ ಕರೆದೊಯ್ದೆ. ಸ್ಟಾಫ್ ರೂಮಿನಲ್ಲಿ ಕೂರು ಅಂದರೆ, "ಅಲ್ಲಿ ಬರೇ ಗಂಡಸರದಾರ, ನಾ ಒಲ್ಲೆ," ಅಂದಳು. ಹೀಗಾಗಿ ತಲೆತುಂಬ ಸೆರಗು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಅವ್ವ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂತಳು. ಹುಡುಗಿಯರು ಮುಸಿಮುಸಿ ನಕ್ಕು, ಸರಿದು ಜಾಗ ಕೊಟ್ಟರು.

ಅವತ್ತಿನ ಪಾಠ ಅದೇ. ಬೇರೆ ಪಾಠ ಮಾಡಬಹುದಿತ್ತು. ಆದರೆ ಈ ಕಥೆಗೂ ನಮ್ಮ ಮನೆಗೂ ಸಂಬಂಧವಿದೆ ಎಂದು ನನಗೆ ಅಲ್ಲಿಯವರೆಗೆ ನಿಜವಾಗಿಯೂ ಹೊಳೆದಿರಲಿಲ್ಲ. ಇತಿಹಾಸ ಅಂದರೆ ದೂರದ್ದು, ನಮ್ಮದು ಬರೀ ಮನೆಜಗಳ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ನಾನು ಹುಕಿಯಲ್ಲಿ ಹೇಳುತ್ತ ಹೋದೆ: ಹದಿಮೂರರ ತಾಯಿ, ವೈರಿ ರಾಣಿಯ ಸೆರಗು, ಸಂಚು, ಮಗನ ಪಟ್ಟ. ಮುಂದಿನ ಬೆಂಚಿನ ಕನಕಗಿರಿಯ ಹುಡುಗಿ ಎದ್ದು ನಿಂತಳು.

"ಮೇಡಂ, ಅಕಿ ಮುಂದ ನಕ್ಕೋಂತ ಇದ್ದು ಹಿಂದ ಮೋಸ ಮಾಡಿದ್ಲಲ್ರಿ. ಅದು ತಪ್ಪಲ್ಲೇನ್ರಿ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. "ಅದನ್ನ ಮೋಸ ಅನಬಾರದು. ಆ ಕಾಲದಾಗ ಹೆಣ್ಣಿಗೆ ತನ್ನದು ಅಂತ ಏನಿತ್ತು? ಹೆಣ್ಣು ತರತಿದ್ದದ್ದ ಗಂಡು ಹಡೀಲಿ ಅಂತ. ಆ ಮಗಗ ಪಟ್ಟ ತಪ್ಪಿದ್ರ ಅಕಿ ಆ ಮನ್ಯಾಗ ಯಾರು? ನಮ್ಮ ಅಳತೀಲೆ ಅಕೀನ ಅಳೀಬಾರದು. ತಾಯಿ ಅಂದ್ರ..."

ಅಲ್ಲಿಗೆ ನನ್ನ ಕಿವಿಗೆ ನನ್ನ ದನಿ ಬಿತ್ತು. ಕೊನೆಯ ಬೆಂಚಿನ ಕಪ್ಪು ಕನ್ನಡಕ ನೇರ ನನ್ನ ಕಡೆಗೇ ತಿರುಗಿತ್ತು. ಹಲಗೆಯ ಕಡೆ ತಿರುಗಿ ಏನೋ ಬರೆದೆ, ಅಳಿಸಿದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಜನ ಆಡಿಕೊಳ್ಳುವ ಪೈಕಿಯವಳು ನಾನೇ ಎಂದು, ಇಷ್ಟು ವರ್ಷ ನಿಂತು ಮಾತಾಡಿದ ಅದೇ ಜಾಗದಲ್ಲಿ ನನಗೆ ಗೊತ್ತಾಯಿತು. ಬೆಲ್ ಆಗುವ ತನಕ ಹುಡುಗರಿಗೆ ಪುಸ್ತಕ ಓದಿಕೊಳ್ಳಿ ಅಂದೆ.

ಸ್ಕೂಟಿ ನಿಲ್ಲಿಸುವ ಬೇವಿನ ಮರದ ಕೆಳಗೆ ಬಂದಾಗ ಅವ್ವ ಹತ್ತಲಿಲ್ಲ. ಕಟ್ಟೆಯ ಮೇಲೆ ಕೂತಳು.

"ಅಷ್ಟ ಛಂದ ತಿಳೀತಿತ್ತು ನಿನಗ," ಅಂದಳು. "ಅವತ್ತ ಯಾಕ ತಿಳೀಲಿಲ್ಲ?"

ನಾನು ಸ್ಕೂಟಿಯ ಸ್ಟ್ಯಾಂಡ್ ಮತ್ತೆ ಹಾಕಿದೆ.

"ನಂಗ ಹದಿನೈದು. ನಮ್ಮ ಮಾವಾರು, ನಿಮ್ಮ ಮುತ್ಯಾ, ನವಲಿಗೆ ಬಂದು ನಮ್ಮಪ್ಪನ ಕೈಯಾಗ ಕೈ ಇಟ್ಟು ಹೇಳಿದ್ರು, ಇಕಿ ಮಗನ ತಲೀಗೆ ರುಮಾಲು ಅಂತ. ಆ ಮಾತಿನ ಮ್ಯಾಲ ಕೊಟ್ರು ನನ್ನ, ಎರಡನೇದಾಕಿ ಅಂತ ಕೊಟ್ರು. ನಿಮ್ಮಪ್ಪ ಸಾಯೂ ಮುಂದ ಎಲ್ಲಾ ಮರತ್ರು. ಹಿರಿಯಾರು ತಲೀ ಹಾಕಿದ್ರು. ನನಗ ಕೇಳಿದ್ರು ಖರೆ. ಬಾಗಲದಾಗ ನಿಂತಾಕಿ ಏನನಬೇಕು? ರುಮಾಲು ಹ್ವಾದ್ರ ನಾ ಆ ಮನೀಗೆ ಯಾಕ ಬಂದೆ? ನೀ ಹೇಳಿದೆಲ್ಲ ಈಗ, ಅಕಿ ಆ ಮನ್ಯಾಗ ಯಾರು ಅಂತ. ಹಂಗ."

"ಆದ್ರ ದೊಡ್ಡವ್ವ ಏನ್ ಮಾಡಿದ್ಲವ್ವಾ?"

"ಏನೂ ಮಾಡಿಲ್ಲ. ಸಣ್ಣಾಂವನೂ ಏನೂ ಮಾಡಿಲ್ಲ." ಅವ್ವ ಸೆರಗಿನಿಂದ ಕನ್ನಡಕದ ಕೆಳಗೆ ಒರೆಸಿಕೊಂಡಳು. ಕಣ್ಣು ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದರು, ನಾನು ತಡೆಯಲಿಲ್ಲ. "ನಾಚಿಕಿ ಇಲ್ಲ ಇಕಿಗೆ ಅಂತ ತಿಳಿದಿಯೇನ? ನಾಚಿಕಿ ಇಟ್ಕೊಂಡ ಮಾಡೀನಿ. ಅಕಿ ಬಂದು ಹುಗ್ಗಿ ಉಂಡ್ಲಲ್ಲ, ಆ ಎಲಿ ನಾನ ಎತ್ತೀನಿ. ಮಂದಿ ಕೈಯಾಗ ಎತ್ತಿಸಲಿಲ್ಲ. ನಾ ಕುಷ್ಟಗಿಗೆ ಹ್ವಾದ್ರ ಅಕಿ ಬಾಗಲಾ ತಗೀಲಿಕ್ಕಿಲ್ಲ, ತಗೀಬಾರದು. ನೀ ಹೋಗಬೇಕಾಗಿತ್ತು. ಮಾತ ಕೊಟ್ಟಾಕಿ ನೀನು. ನೀ ನನ್ನ ಬೈದು ಕೈ ತೊಳಕೊಂಡಿ."

ಅವ್ವ ಮಾಡಿದ್ದು ಸರಿ ಎಂದು ನಾನು ಹೇಳಲಾರೆ. ಸಣ್ಣಣ್ಣ ನೀರಿನ ತಂಬಿಗೆ ಹಿಡಿದು ಪಂಕ್ತಿಯ ನಡುವೆ ಓಡಾಡಿದ್ದನ್ನು ನೆನೆದರೆ ಆ ಮಾತು ಬಾಯಿಗೆ ಬರುವುದಿಲ್ಲ. ಆದರೆ ಐನೂರು ವರ್ಷದ ಹಿಂದಿನ, ಮುಖ ನೋಡದ ಹೆಂಗಸಿಗೆ ನಾನು ಕೊಟ್ಟ ಅಷ್ಟು ನ್ಯಾಯವನ್ನು ನನ್ನ ಹೆತ್ತವಳಿಗೆ ಕೊಡಲಿಲ್ಲ. ನೆರೆಯವರ ಮುಂದೆ ಅವಳ ಮಾನ ತೆಗೆದೆ. ಮತ್ತು ದೊಡ್ಡವ್ವನಿಗೆ ಕೊಟ್ಟ ಮಾತು ಮುರಿದ ಮೇಲೆ, ಹೋಗಿ ಆ ಮನೆಯ ಬಾಗಿಲಲ್ಲಿ ನಿಲ್ಲುವ ಧೈರ್ಯ ಸಾಲದೆ, ಆ ಹೇಡಿತನಕ್ಕೆ ಸಿಟ್ಟು ಎಂದು ಹೆಸರಿಟ್ಟುಕೊಂಡು ಓಡಾಡಿದೆ.

"ನಾಳೆ ಕುಷ್ಟಗಿಗೆ ಹೊಕ್ಕೀನಿ," ಅಂದೆ.

"ಹೋಗು," ಅಂದಳು. ಎದ್ದು ನಿಂತು ಕೈ ಚಾಚಿದಳು. ಒಂದು ಕಣ್ಣು ಇನ್ನೂ ಮಂಜಾಗಿದ್ದರಿಂದ ಅವಳಿಗೆ ಮೆಟ್ಟಿಲು ಸರಿಯಾಗಿ ಕಾಣುತ್ತಿರಲಿಲ್ಲ. ಹಿಡಿದು ಇಳಿಸಿ ಸ್ಕೂಟಿಯ ಹಿಂದೆ ಕೂರಿಸಿದೆ. ಅವಳು ನನ್ನ ಹೆಗಲು ಹಿಡಿದುಕೊಂಡಳು. ನಾನು ಇನ್ನೇನು ಹೊರಡಬೇಕು, ಹಿಂದಿನಿಂದ ಕೇಳಿದಳು.

"ಆ ಇಂಗ್ಲೆಂಡದಾಕಿ ಅದಾಳಲ್ಲ, ಮಗನ್ನ ಪಟ್ಟಕ್ಕ ಕೂಡಿಸಿದಾಕಿ. ಅಕಿಗೆ ಹೆಣ್ಣಮಗಳು ಇದ್ಲೇನು?"

"ಇಲ್ಲವ್ವಾ. ಅಕಿಗೆ ಇದ್ದಾಂವ ಅಂವ ಒಬ್ಬ."

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಪುಣ್ಯಾ ಮಾಡಿದ್ಲು ಬಿಡು," ಅಂದಳು.